ಸಮಿತಿಗೆ ಹೋದ ಹೊಲ

ಕಾನೂನು ಎಲ್ಲಿ ಹುಟ್ಟುತ್ತದೆ ಎಂದು ಯಾರಾದರೂ ಕೇಳಿದರೆ ನಾವು ವಿಧಾನಸೌಧದ ದೊಡ್ಡ ಸಭಾಗೃಹದ ಕಡೆಗೆ ಬೆರಳು ತೋರಿಸುತ್ತೇವೆ. ಅಲ್ಲಿಯ ಭಾಷಣ, ಮೇಜು ಕುಟ್ಟುವ ಸದ್ದು, ಸಭಾತ್ಯಾಗ ಇವೆಲ್ಲ ಮರುದಿನ ಬೆಳಗಿನ ಚಹದ ಜೊತೆಗೆ ನಮಗೆ ಸಿಗುತ್ತವೆ. ಆದರೆ ದೊಡ್ಡ ಮಸೂದೆಯೊಂದರ ಒಂದೊಂದು ಮಾತನ್ನೂ ಒರೆಗೆ ಹಚ್ಚಿ ನೋಡುವ ಕೆಲಸ ನಡೆಯಬೇಕಾದದ್ದು ಇನ್ನೊಂದು ಕೋಣೆಯಲ್ಲಿ. ಅಲ್ಲಿ ಪ್ರೇಕ್ಷಕರಿಗೆ ಆಸನವಿಲ್ಲ, ಪತ್ರಿಕೆಯವರಿಗೆ ಪ್ರವೇಶವಿಲ್ಲ. ಸೆಲೆಕ್ಟ್ ಕಮಿಟಿ ಎಂದು ಅದರ ಹೆಸರು. ಕನ್ನಡದಲ್ಲಿ ಪರಿಶೀಲನಾ ಸಮಿತಿ ಎನ್ನುತ್ತೇವೆ. ಎರಡೂ ಸದನಗಳ ಸದಸ್ಯರು ಕೂಡಿ ಕುಳಿತರೆ ಅದು ಜಂಟಿ ಪರಿಶೀಲನಾ ಸಮಿತಿ.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ನಾನು ಬಲ್ಲ ಶಾಸನಗಳೆಂದರೆ ಕಲ್ಲಿನ ಮೇಲಿನವು. ದತ್ತಿಯ ಭೂಮಿಯನ್ನು ಕಸಿದುಕೊಂಡವನಿಗೆ ಕೊನೆಯಲ್ಲಿ ಶಾಪ ಹಾಕುವಂಥವು. ಸಭೆಯಲ್ಲಿ ಹುಟ್ಟುವ ಶಾಸನಗಳ ಕಡೆಗೆ ನನ್ನನ್ನು ಎಳೆದು ತಂದದ್ದು ಶಿಗ್ಗಾಂವ ತಾಲೂಕಿನ ನಮ್ಮ ಹಳೆಯ ಮನೆಯ ಅಟ್ಟದ ಮೇಲಿದ್ದ ಒಂದು ತಗಡಿನ ಟ್ರಂಕು. ಅಜ್ಜಿ ತೀರಿಕೊಂಡ ವರ್ಷ ಅದನ್ನು ಕೆಳಗಿಳಿಸಿ ತೆರೆದಾಗ ಮೂರು ಕಾಗದಗಳು ಸಿಕ್ಕವು. 1955ರ ಲಾವಣಿಯ ಪಾವತಿ ಒಂದು, 1960ರ ರಾಜೀನಾಮೆಯ ನಕಲು ಒಂದು, 1974ರಲ್ಲಿ ಅಪ್ಪ ಕೊಟ್ಟ ಏಳನೆಯ ನಮೂನೆಯ ಅರ್ಜಿಯ ಸ್ವೀಕೃತಿ ಚೀಟಿ ಒಂದು. (ನಗರದ ವಾಚಕರು ಲಾವಣಿ ಎಂದೊಡನೆ ಡಪ್ಪು ಹಿಡಿದು ಹಾಡುವವರನ್ನು ನೆನೆಯಬಾರದು, ನಮ್ಮ ಕಡೆ ಹೊಲವನ್ನು ಗುತ್ತಿಗೆಗೆ ಮಾಡುವುದಕ್ಕೂ ಅದೇ ಮಾತು.) ಮೂರೂ ಕಾಗದಗಳು ಒಂದೇ ಹೊಲಕ್ಕೆ ಸಂಬಂಧಿಸಿದವು. ಎರಡು ಕೂರಿಗೆ ಎರೆಹೊಲ, ಅಂದರೆ ಸುಮಾರು ಎಂಟು ಎಕರೆ. ಈ ಕಾಗದಗಳ ನಡುವಿನ ಹತ್ತೊಂಬತ್ತು ವರ್ಷಗಳಲ್ಲಿ ಆ ಹೊಲಕ್ಕೆ ಏನಾಯಿತೆಂದು ಹುಡುಕುತ್ತ ಹೋದವನು ನಾನು ಸಮಿತಿಯ ಕೋಣೆಯ ಬಾಗಿಲಿಗೆ ಬಂದು ನಿಂತೆ.

ಆಗ ಶಿಗ್ಗಾಂವ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ನಮ್ಮ ಭಾಗದ ಕಾನೂನುಗಳು ಮುಂಬಯಿಯಲ್ಲಿ, ಮಳೆಗಾಲದ ಅಧಿವೇಶನವಿದ್ದರೆ ಪುಣೆಯಲ್ಲಿ, ತಯಾರಾಗುತ್ತಿದ್ದವು. ಒಕ್ಕಲುತನದ ಮಟ್ಟಿಗೆ ಮುಂಬಯಿ ಮುಂದಿತ್ತೆನ್ನಬೇಕು. 1939ರಲ್ಲಿಯೇ ಅಲ್ಲಿ ಗೇಣಿದಾರರ ಕಾಯದೆ ಬಂತು. 1948ರಲ್ಲಿ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಬಂತು. ಜನರ ಬಾಯಲ್ಲಿ ಇದಕ್ಕೆ ಕುಳ ಕಾಯದೆ ಎಂದು ಹೆಸರು. 1956ರಲ್ಲಿ ಅದಕ್ಕೊಂದು ದೊಡ್ಡ ತಿದ್ದುಪಡಿಯಾಯಿತು: 1957ನೆಯ ಇಸವಿ ಏಪ್ರಿಲ್ 1ರಂದು, ಕಾಯದೆಯಲ್ಲಿ ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟು, ಉಳುವವನು ಆ ಹೊಲವನ್ನು ಕೊಂಡುಕೊಂಡನೆಂದೇ ಭಾವಿಸತಕ್ಕದ್ದು, ಬೆಲೆಯನ್ನು ನ್ಯಾಯಮಂಡಳಿ ಗೊತ್ತುಪಡಿಸಬೇಕು, ಅವನು ಕಂತುಗಳಲ್ಲಿ ಸಲ್ಲಿಸಬೇಕು. ಆ ದಿನವನ್ನು ಉಳುವವನ ದಿನ ಎಂದರು. ಪಾವತಿಯಲ್ಲಿ ಹೆಸರಿದ್ದ ಅಜ್ಜ ಆ ದಿನದ ದಾರಿ ನೋಡುತ್ತಿದ್ದ.

ಅದಕ್ಕಿಂತ ಐದು ತಿಂಗಳು ಮೊದಲು, 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಾಗಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಏಕೀಕರಣ ನಮಗೆ ಹಬ್ಬ. ಅದಕ್ಕಾಗಿ ಹೋರಾಡಿದವರ ಋಣ ದೊಡ್ಡದು, ಅದನ್ನು ಮರೆತು ನಾನು ಈ ಮಾತು ಹೇಳುತ್ತಿಲ್ಲ. ಆದರೆ ಹೊಸ ರಾಜ್ಯದಲ್ಲಿ ಐದು ಕಡೆಯಿಂದ ಬಂದ ಐದು ಬಗೆಯ ಒಕ್ಕಲು ಕಾನೂನುಗಳು ಒಟ್ಟಿಗೆ ಬಂದು ಬಿದ್ದವು. ಹಳೆಯ ಮೈಸೂರಿನದು 1952ರದು, ಹೈದರಾಬಾದಿನದು 1950ರದು, ಮುಂಬಯಿಯದು 1948ರದು, ಮದರಾಸಿನದು 1955ರದು, ಕೊಡಗಿನದು ಇನ್ನೊಂದು. ಎಲ್ಲಕ್ಕೂ ಬದಲಾಗಿ ಒಂದೇ ಕಾಯದೆ ತರಬೇಕೆಂದು ಸರಕಾರ ನಿಶ್ಚಯಿಸಿತು, ಅದು ಸರಿಯೇ. ಅಲ್ಲಿಯವರೆಗೆ ಮುಂಬಯಿ ಕಾಯದೆಯ ಕೊಳ್ಳುವಿಕೆಯ ಕಲಮುಗಳನ್ನು 1957ರಲ್ಲಿ ಅಮಾನತಿನಲ್ಲಿಟ್ಟರು. ಏಪ್ರಿಲ್ 1 ಬಂತು, ಹೋಯಿತು. ಗಡಿಯಾಚೆಗಿನ ಮರಾಠಿ ಹಳ್ಳಿಗಳಲ್ಲಿ ಕಾನೂನಿನ ಕಣ್ಣಿಗೆ ಉಳುವವನು ಒಡೆಯನಾದ. ನಮ್ಮ ಅಜ್ಜ ಆ ವರ್ಷವೂ ಲಾವಣಿ ಕೊಟ್ಟ.

ಇಲ್ಲಿ ಎರಡು ಸಮಿತಿಗಳನ್ನು ಬೇರ್ಪಡಿಸಿ ನೋಡಬೇಕು. ಪತ್ರಿಕೆ ಓದುವವರು ಬಹಳ ಸಲ ಇವನ್ನು ಕಲೆಸಿಬಿಡುತ್ತಾರೆ. 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ನೇಮಕವಾದದ್ದು ಸರಕಾರದ ಸಮಿತಿ. ಕಾನೂನು ಹೇಗಿರಬೇಕೆಂದು ಸಲಹೆ ಕೊಡುವುದು ಅದರ ಕೆಲಸ. ಜಮಖಂಡಿಯವರಾದ ಜತ್ತಿಯವರು ಮುಂಬಯಿ ಸರಕಾರದಲ್ಲಿ ಉಪಮಂತ್ರಿಗಳಾಗಿದ್ದವರು, ನಮ್ಮ ಕಡೆಯ ಹೊಲಮನೆ ಬಲ್ಲವರು. ಆ ಸಲಹೆಗಳ ಆಧಾರದ ಮೇಲೆ ಮೈಸೂರು ಭೂಸುಧಾರಣಾ ಮಸೂದೆ 1958ರಲ್ಲಿ ಸದನಕ್ಕೆ ಬಂತು. ಅಷ್ಟರಲ್ಲಿ ಜತ್ತಿಯವರೇ ಮುಖ್ಯಮಂತ್ರಿಗಳಾಗಿದ್ದರು. ಕಂದಾಯ ಖಾತೆ ಮಲೆನಾಡಿನ ಕಡಿದಾಳು ಮಂಜಪ್ಪನವರದು. ಸಭಾಧ್ಯಕ್ಷರ ಪೀಠದಲ್ಲಿ ಎಸ್.ಆರ್. ಕಂಠಿಯವರು. ಮಂಜಪ್ಪನವರ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿ ಜೈಲಿಗೆ ಹೋಗಿದ್ದರು. ಹೀಗಾಗಿ ಮಸೂದೆಗೆ ಬೇಕಾದ ಬಿಸಿ ಇತ್ತು. ಸದನಕ್ಕೆ ಬಂದ ಮಸೂದೆ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ಇದು ಎರಡನೆಯ ಬಗೆಯ ಸಮಿತಿ: ಸರಕಾರದ್ದಲ್ಲ, ಶಾಸನಸಭೆಯದು.

ಮಸೂದೆಯ ದಾರಿ ಹೀಗಿದೆ. ಮೊದಲು ಸದನದ ಅನುಮತಿ ಪಡೆದು ಮಂಡಿಸುತ್ತಾರೆ. ಆಗ ಹೆಚ್ಚು ಚರ್ಚೆಯಿಲ್ಲ. ಆಮೇಲೆ ಮಂತ್ರಿಗಳ ಮುಂದೆ ಕೆಲವು ದಾರಿಗಳಿರುತ್ತವೆ. ಈಗಲೇ ಪರ್ಯಾಲೋಚಿಸೋಣ ಎನ್ನಬಹುದು. ಜನಾಭಿಪ್ರಾಯಕ್ಕೆ ಹೊರಗೆ ಕಳಿಸೋಣ ಎನ್ನಬಹುದು. ಸಮಿತಿಗೆ ಒಪ್ಪಿಸೋಣ ಎನ್ನಬಹುದು. ಜಂಟಿ ಸಮಿತಿಯಾದರೆ ಮೇಲ್ಮನೆಯ ಸಮ್ಮತಿಯೂ ಬೇಕು, ಅಲ್ಲಿಯ ಸದಸ್ಯರೂ ಬರಬೇಕು. ಸಮಿತಿಗೆ ಕಳಿಸಿದರೆಂದರೆ ಮಸೂದೆಯ ಮೂಲತತ್ತ್ವವನ್ನು ಸದನ ಒಪ್ಪಿತೆಂದೇ ಅರ್ಥ. ಸಮಿತಿ ಆ ತತ್ತ್ವವನ್ನು ಕೆಡವುವಂತಿಲ್ಲ. ಆದರೆ ಖಂಡಗಳನ್ನು, ಅಂದರೆ ಮುಂದೆ ಕಲಮುಗಳಾಗುವ ತುಂಡುಗಳನ್ನು, ಒಂದೊಂದಾಗಿ ಎತ್ತಿಕೊಂಡು ತಿದ್ದಬಹುದು, ಸೇರಿಸಬಹುದು, ತೆಗೆಯಬಹುದು. ತಜ್ಞರನ್ನೂ ಕಾನೂನಿನ ಬಿಸಿ ತಾಗುವ ಪಂಗಡಗಳ ಪ್ರತಿನಿಧಿಗಳನ್ನೂ ಕರೆಸಿ ಸಾಕ್ಷ್ಯ ಕೇಳಬಹುದು. ವರದಿಗೆ ಸದನ ಒಂದು ಗಡುವು ಹಾಕುತ್ತದೆ. ಮುಗಿಯದಿದ್ದರೆ ಸದನವೇ ಗಡುವು ಬೆಳೆಸುತ್ತದೆ. ಒಪ್ಪದ ಸದಸ್ಯರು ಭಿನ್ನಮತದ ಟಿಪ್ಪಣಿ ಬರೆದು ವರದಿಗೆ ಲಗತ್ತಿಸಬಹುದು. ವರದಿ ಸದನಕ್ಕೆ ಬಂದ ಮೇಲೆಯೇ ಮತ್ತೆ ಖಂಡ ಖಂಡವಾಗಿ ಚರ್ಚೆ, ಮತ, ಅಂಗೀಕಾರ.

ಹೇಳುವುದಕ್ಕೆ ಇದು ಸಪ್ಪೆ. ಇದರ ರುಚಿ ತಿಳಿಯಬೇಕಾದರೆ ಒಂದು ಮಾತನ್ನು ಎತ್ತಿಕೊಂಡು ನೋಡಬೇಕು. ಭಾಷೆ ಕಲಿಸುವವನ ಚಪಲ ಎಂದು ವಾಚಕರು ಕ್ಷಮಿಸಲಿ, ನಾನು ಎತ್ತಿಕೊಳ್ಳುವುದು ‘ಸ್ವಂತ ಸಾಗುವಳಿ’ ಎಂಬ ಮಾತನ್ನು. ನೋಡಲು ಮುಗ್ಧವಾದ ಮಾತು. ಆದರೆ 1961ರ ಕಾಯದೆಯ ಪ್ರಾಣವೇ ಅದರಲ್ಲಿತ್ತು. ಜಮೀನುದಾರನು ಸ್ವಂತ ಸಾಗುವಳಿಗಾಗಿ ಗೇಣಿಯ ಹೊಲದಲ್ಲಿ ಅರ್ಧದವರೆಗೆ ಮರಳಿ ಪಡೆಯಬಹುದು ಎಂದು ಆ ಕಾಯದೆ ಹೇಳಿತು. ಹಾಗಾದರೆ ಸ್ವಂತ ಎಂದರೇನು? ತಾನೇ ನೇಗಿಲು ಹಿಡಿಯಬೇಕೆ? ಮನೆಯವರು ಹಿಡಿದರೆ ಸಾಕೆ? ಆಳು ಹಿಡಿದರೆ? ತನ್ನ ಮೈದುಡಿಮೆ, ಕುಟುಂಬದವರ ದುಡಿಮೆ, ಅಷ್ಟೇ ಅಲ್ಲ, ತನ್ನ ಅಥವಾ ಮನೆಯವರ ಮೇಲ್ವಿಚಾರಣೆಯಲ್ಲಿ ಕೂಲಿಯಾಳುಗಳ ದುಡಿಮೆಯೂ ಸ್ವಂತ ಸಾಗುವಳಿಯೇ ಎಂದು ಕಾಯದೆಯ ವ್ಯಾಖ್ಯೆ. ಕೂಲಿ ನಗದಿನಲ್ಲಿರಲಿ ಕಾಳಿನಲ್ಲಿರಲಿ, ಬೆಳೆಯ ಪಾಲಿನ ರೂಪದಲ್ಲಿ ಮಾತ್ರ ಇರಕೂಡದು. ಇಂಥ ಒಂದು ವಾಕ್ಯದಲ್ಲಿ ಅಲ್ಪವಿರಾಮ ಎಲ್ಲಿ ಬೀಳಬೇಕೆಂಬುದರ ಮೇಲೆ ಲಕ್ಷಾಂತರ ಎಕರೆಗಳ ಹಣೆಬರಹ ನಿಂತಿರುತ್ತದೆ. ಮಸೂದೆ ಎಂಬ ಮಾತಿನ ಅರಬ್ಬೀ ಮೂಲದಲ್ಲಿ ಕಪ್ಪು ಎಂಬ ಅರ್ಥವಿದೆ. ಕರಡೆಂದರೆ ಕಪ್ಪಾಗಿಸಿದ ಹಾಳೆ. ಸಮಿತಿಯ ಕೋಣೆಯಲ್ಲಿ ಮಸೂದೆ ತನ್ನ ಹೆಸರಿಗೆ ತಕ್ಕಂತೆ ನಿಜವಾಗಿಯೂ ಮಸಿ ಬಳಿದುಕೊಳ್ಳುತ್ತದೆ.

ಇಂಥ ಮಾತುಗಳನ್ನು ಅವಸರದಿಂದ ಒಪ್ಪಿಬಿಡಲಾಗದು. ಒಂದು ಕಡೆ ಕಾಗೋಡಿನ ಗೇಣಿದಾರ, ಇನ್ನೊಂದು ಕಡೆ ನಾಲ್ಕೆಕರೆ ಹೊಲ ಲಾವಣಿಗೆ ಕೊಟ್ಟು ಬದುಕುವ ವಿಧವೆ. ಒಂದು ಕಡೆ ತುಂಗಭದ್ರೆಯ ನೀರಾವರಿ, ಇನ್ನೊಂದು ಕಡೆ ಮಳೆ ನಂಬಿದ ನಮ್ಮ ಜೋಳದ ಹೊಲ. ಒಂದೇ ಅಳತೆಗೋಲು ಎಲ್ಲರಿಗೂ ಹೊಂದಬೇಕು. ಜಂಟಿ ಸಮಿತಿ 1958ರಿಂದ 1961ರವರೆಗೆ ಅದನ್ನು ಇಟ್ಟುಕೊಂಡಿತೆಂದು ನಗುವವರಿದ್ದಾರೆ. ನಾನು ನಗಲಾರೆ. ಆದರೆ ಆ ವರ್ಷಗಳಲ್ಲಿ ಕೋಣೆಯ ಹೊರಗೆ ಏನು ನಡೆಯಿತೆಂಬುದನ್ನು ಮರೆಯಲೂ ಆರೆ.

ನಮ್ಮ ತಾಲೂಕಿನ ಬಾಡ ಗ್ರಾಮದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಒಂದು ವ್ಯಾಜ್ಯವನ್ನು ತಂದಿದ್ದಾರೆ. ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳ ರಾಮನ ಸಭೆಗೆ ಬರುತ್ತದೆ. ರಾಮನು ಕೂಡಲೇ ತೀರ್ಪು ಕೊಡುವುದಿಲ್ಲ. ಎರಡೂ ಧಾನ್ಯಗಳನ್ನು ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಆರು ತಿಂಗಳ ಮೇಲೆ ತೆಗೆದು ನೋಡಿದರೆ ಅಕ್ಕಿ ಕೆಟ್ಟಿದೆ, ರಾಗಿ ಗಟ್ಟಿಯಾಗಿ ನಿಂತಿದೆ. ತರಗತಿಯಲ್ಲಿ ಇದನ್ನು ನಾನು ಎಷ್ಟೋ ಸಲ ಬಡವರ ಧಾನ್ಯದ ಗೆಲುವೆಂದು ವಿವರಿಸಿದ್ದೇನೆ. ಟ್ರಂಕಿನ ಕಾಗದಗಳನ್ನು ಓದಿದ ಮೇಲೆ ಆ ಆರು ತಿಂಗಳ ಕಡೆಗೆ ಗಮನ ಹೋಯಿತು. ಕಾಯಿಸಿ ಪರೀಕ್ಷಿಸಿದರೆ ಕಾಯುವ ಶಕ್ತಿಯಿದ್ದವನು ಗೆಲ್ಲುತ್ತಾನೆ. ಕನಕದಾಸರ ಕಥೆಯಲ್ಲಿ ಆ ಶಕ್ತಿ ರಾಗಿಗಿತ್ತು. ಹೊಲದ ಮಾತಿನಲ್ಲಿ ಅದು ಎಂದೂ ಉಳುವವನಿಗಿರಲಿಲ್ಲ.

ಹೊಲದ ಒಡೆಯರು ಹುಬ್ಬಳ್ಳಿಯಲ್ಲಿ ಮಾಸ್ತರರಾಗಿದ್ದವರು. ಜಮೀನುದಾರ ಎಂದೊಡನೆ ಕಣ್ಣ ಮುಂದೆ ಬರುವ ದರ್ಪದ ಮನುಷ್ಯ ಅವರಲ್ಲ. ನಿವೃತ್ತಿ ಸಮೀಪಿಸಿತ್ತು, ಮದುವೆಯಾಗಬೇಕಾದ ಹೆಣ್ಣುಮಕ್ಕಳಿದ್ದರು; ಇದ್ದದ್ದು ಆ ಹೊಲ. ಅವರು ಪತ್ರಿಕೆ ಓದುತ್ತಿದ್ದರು. ಮಸೂದೆ ಸಮಿತಿಯಲ್ಲಿದೆಯೆಂದೂ ಹೊರಗೆ ಬಂದಾಗ ಅದರ ರೂಪ ಹೇಗಿರುತ್ತದೆಂದು ಯಾರೂ ಹೇಳಲಾರರೆಂದೂ ಅವರಿಗೆ ತಿಳಿದಿತ್ತು. ಅಜ್ಜನಿಗೆ ಓದು ಬರುತ್ತಿರಲಿಲ್ಲ. ಅಂಗಡಿಕಟ್ಟೆಯ ಮೇಲೆ ಕೇಳಿದ ಸುದ್ದಿಯಷ್ಟೇ ಅವನದು: ಬೆಂಗಳೂರಾಗ ಕಮಿಟಿ ಕುಂತೈತಿ. “ಕುಂತ ಕಮಿಟಿ ಏಳೂದು ಯಾವಾಗರಿ?” ಎಂದು ಊರಿಗೆ ಬಂದ ತಲಾಠಿಯವರನ್ನು ಅವನು ಕೇಳುತ್ತಿದ್ದನೆಂದು ಅಜ್ಜಿ ಹೇಳುತ್ತಿದ್ದಳು. ಅದು ನಮ್ಮ ಮನೆಯಲ್ಲಿ ಒಂದು ಗಾದೆಯೇ ಆಗಿಹೋಯಿತು. ಮದುವೆಯ ಮಾತು ತಡವಾದರೆ, ಬಸ್ಸು ಬಾರದಿದ್ದರೆ, ಅಪ್ಪ ಇಂದಿಗೂ ಅದನ್ನೇ ಅನ್ನುತ್ತಾನೆ.

ಗೇಣಿದಾರನನ್ನು ಹೊಲದಿಂದ ಎಬ್ಬಿಸುವುದಕ್ಕೆ ಕಾನೂನಿನ ತಡೆಯಿತ್ತು. ಆದರೆ ಅವನೇ ಬಿಟ್ಟುಕೊಟ್ಟರೆ? ಮುಂಬಯಿ ಕಾಯದೆ ಅದನ್ನೂ ಯೋಚಿಸಿತ್ತು: ಬಿಟ್ಟುಕೊಡುವ ಮಾತು ಬರಹದಲ್ಲಿರಬೇಕು, ಮಾಮಲೇದಾರರ ಮುಂದೆ ಖಾತ್ರಿಯಾಗಬೇಕು. ನಮ್ಮ ಕಡೆ ಅದಕ್ಕೆ ರಾಜೀನಾಮೆ ಎನ್ನುತ್ತಾರೆ; ನೌಕರಿಯೇ ಇಲ್ಲದವನು ಕೊಡುವ ರಾಜೀನಾಮೆ. 1960ರಲ್ಲಿ ಅಜ್ಜ ಅಂಥದೊಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಖುಷಿಯಿಂದಲೇ ಬಿಡುತ್ತೀಯಾ ಎಂದು ಕೇಳಿದರು, ಹೌದ್ರೀ ಎಂದ. ಕೇಳುವುದನ್ನು ಕೇಳಿದ್ದಾಯಿತು, ಹೇಳುವುದನ್ನು ಹೇಳಿದ್ದಾಯಿತು. ಅದರ ಹಿಂದೆ ಒಂದು ಹಳೆಯ ಸಾಲವಿತ್ತು. ಮತ್ತು ಹೊಲದಲ್ಲಿ ಕೆಲಸ ಮಾತ್ರ ನಿನಗೇ ಎಂಬ ಮಾಸ್ತರರ ಮಾತಿತ್ತು. ಮಾಸ್ತರರು ಆ ಮಾತು ನಡೆಸಿದರು. ಅಜ್ಜ ಅದೇ ಹೊಲವನ್ನು ಅದೇ ಎತ್ತುಗಳಿಂದ ಉತ್ತ, ಕೂಲಿಗೆ. ಉತಾರದಲ್ಲಿ ವಹಿವಾಟಿನ ಕಾಲಮಿನಲ್ಲಿ ಅವನ ಹೆಸರಿದ್ದ ಕಡೆ ‘ಖುದ್ದು’ ಎಂದು ಬಂತು. ಖುದ್ದು ಎಂದರೆ ಸ್ವಂತ. ನಮ್ಮೂರಿನಲ್ಲಿ ಹೀಗಾದದ್ದು ಅವನೊಬ್ಬನಿಗೇ ಅಲ್ಲ.

“ಮಾಸ್ತರು ಕೆಟ್ಟವರಲ್ಲಪಾ, ಅವರಿಗೂ ಹೆದರಿಕಿ ಬಂದಿತ್ತು” ಎಂದು ಅಜ್ಜಿ ಕೊನೆಯವರೆಗೂ ಹೇಳಿದಳು. ಅವಳ ಈ ಮಾತನ್ನು ನಾನು ಬಹಳ ದಿನ ಒಪ್ಪಿರಲಿಲ್ಲ, ಈಗ ಒಪ್ಪುತ್ತೇನೆ. ಬರಲಿರುವ ಕಾನೂನಿನ ಸುದ್ದಿ ಹರಡಿ, ಕಾನೂನು ಮಾತ್ರ ಬಾರದೆ ಇರುವ ಕಾಲದಲ್ಲಿ ಇಬ್ಬರು ಒಳ್ಳೆಯವರ ನಡುವೆಯೂ ಅನ್ಯಾಯ ನಡೆಯಬಲ್ಲದು.

ಮಸೂದೆ 1961ರಲ್ಲಿ ಸಮಿತಿಯಿಂದ ಹೊರಬಂದು ಆ ವರ್ಷವೇ ಅಂಗೀಕಾರವಾಯಿತು. ಇನ್ನು ತಡಮಾಡುವಂತಿರಲಿಲ್ಲ. 1962ರ ಫೆಬ್ರವರಿಯಲ್ಲಿ ಚುನಾವಣೆ. ವಿಧಾನಸಭೆ ವಿಸರ್ಜನೆಯಾದರೆ ಅದರ ಮುಂದಿದ್ದ ಮಸೂದೆ ಬಿದ್ದುಹೋಗುತ್ತದೆಂದು ಸಂವಿಧಾನದ ಮಾತು. ಹಾಗಾಗಿದ್ದರೆ ಸಮಿತಿಯ ಶ್ರಮವೆಲ್ಲ ಅದರೊಡನೆ ಹೋಗುತ್ತಿತ್ತು. 1962ರ ಮಾರ್ಚ್ 5ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. 1964ರಲ್ಲಿ ಸಂವಿಧಾನದ ಹದಿನೇಳನೆಯ ತಿದ್ದುಪಡಿ ಅದನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿ ನ್ಯಾಯಾಲಯದ ಕೈಗೆ ಸುಲಭವಾಗಿ ಸಿಗದಂತೆ ಮಾಡಿತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅಂಕಿತಕ್ಕೂ ಜಾರಿಗೂ ನಡುವೆ ಮೂರೂವರೆ ವರ್ಷ! ಸಮಿತಿಯನ್ನು ಬಯ್ಯುವವರು ಈ ಲೆಕ್ಕವನ್ನೂ ನೋಡಬೇಕು. ಗೇಣಿಯ ಮೇಲೆ ಮಿತಿ ಬಂತು, ನೀರಾವರಿಯಲ್ಲಿ ಬೆಳೆಯ ನಾಲ್ಕನೆಯ ಒಂದು ಪಾಲು, ಉಳಿದ ಕಡೆ ಐದನೆಯ ಒಂದು ಪಾಲು. ಕುಟುಂಬದ ಹಿಡುವಳಿಗೆ 27 ಪ್ರಮಾಣಿತ ಎಕರೆಗಳ ಮಿತಿ ಬಂತು. ಆದರೆ ಕಾನೂನು ಹೊಲಕ್ಕೆ ತಲುಪುವ ಹೊತ್ತಿಗೆ ಎಷ್ಟೋ ಹೊಲಗಳಲ್ಲಿ ಗೇಣಿದಾರನೇ ಇರಲಿಲ್ಲ.

ಇನ್ನೊಂದು ಸ್ವಾರಸ್ಯ. 1957ರಲ್ಲಿ ಮುಂಬಯಿಯ ಕಲಮುಗಳು ಅಮಾನತಾದಾಗ ಮುಖ್ಯಮಂತ್ರಿಗಳಾಗಿದ್ದವರು ಎಸ್. ನಿಜಲಿಂಗಪ್ಪನವರು, 1965ರಲ್ಲಿ ಹೊಸ ಕಾಯದೆ ಜಾರಿಯಾದಾಗಲೂ ಅವರೇ. 1967ರ ಚುನಾವಣೆಯಲ್ಲಿ ಅವರು ವಿಧಾನಸಭೆಗೆ ಆರಿಸಿ ಬಂದದ್ದು ಶಿಗ್ಗಾಂವ ಕ್ಷೇತ್ರದಿಂದ. ಅಜ್ಜ ಯಾರಿಗೆ ಮತ ಹಾಕಿದನೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಏಕೀಕರಣ ಮಾಡಿದ ಹಿರಿಯರು ಎಂಬ ಗೌರವ ಮಾತ್ರ ಅವನಿಗೆ ತುಂಬ ಇತ್ತಂತೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಸಂಗತಿ. ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು ತನ್ನ ತಾಲೂಕಿನ ನ್ಯಾಯಮಂಡಳಿಗೆ ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಅವನಿಗೆ ಅಧಿಭೋಗದ ಹಕ್ಕು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ತೆಗೆದುಹಾಕಿತು. ಅರ್ಜಿಯ ಗಡುವು ಬೆಳೆಯುತ್ತ 1979ರ ಜೂನ್ 30ಕ್ಕೆ ಮುಟ್ಟಿತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಲಕ್ಷಗಟ್ಟಲೆ ಕುಟುಂಬಗಳು ಒಡೆಯರಾದವು. ನಮ್ಮ ಅಪ್ಪನ ಅರ್ಜಿ ಅವುಗಳಲ್ಲೊಂದು. 1974ರ ಮಾರ್ಚ್ 1ಕ್ಕೆ ಸರಿಯಾಗಿ ಹಿಂದೆ ಅವನು ಗೇಣಿದಾರನಾಗಿದ್ದನೆಂದು ತೋರಿಸಬೇಕಿತ್ತು. ಉತಾರ ‘ಖುದ್ದು’ ಎಂದಿತು, ರಾಜೀನಾಮೆ ‘ಸ್ವಖುಷಿಯಿಂದ’ ಎಂದಿತು. ಅರ್ಜಿ ವಜಾ ಆಯಿತು. ಕಾನೂನಿನ ಪ್ರಕಾರ ಆ ತೀರ್ಪು ಸರಿಯಾಗಿಯೇ ಇತ್ತು. ಅಪ್ಪ ಹುಬ್ಬಳ್ಳಿಗೆ ಹೋಗಿ ಒಂದು ಹತ್ತಿ ಜಿನ್ನಿನಲ್ಲಿ ಲೆಕ್ಕ ಬರೆಯಲು ನಿಂತ. ಅದರ ಫಲವಾಗಿಯೇ ನಾನು ಕಾಲೇಜಿನ ಮೆಟ್ಟಿಲು ಹತ್ತಿದೆನೆಂಬುದನ್ನೂ ಹೇಳಿಬಿಡಬೇಕು.

ಹಾಗಾದರೆ ಸಮಿತಿ ಬೇಡವೆ ಎಂದು ಮಿತ್ರರೊಬ್ಬರು ಕೇಳಿದರು. ಅದಕ್ಕೆ ಉತ್ತರವಾಗಿ ನಾನು 2020ರ ಉದಾಹರಣೆ ಕೊಟ್ಟೆ. ಅದೇ ಭೂಸುಧಾರಣಾ ಕಾಯದೆಯ 79ಎ, 79ಬಿ ಕಲಮುಗಳನ್ನು, ಅಂದರೆ ಒಕ್ಕಲಿಗರಲ್ಲದವರು ಮತ್ತು ಇತರ ಆದಾಯ ಹೆಚ್ಚಿದ್ದವರು ಹೊಲ ಕೊಳ್ಳುವುದಕ್ಕಿದ್ದ ತಡೆಯನ್ನು, ಜುಲೈ ತಿಂಗಳಲ್ಲಿ ಸುಗ್ರೀವಾಜ್ಞೆಯಿಂದ ತೆಗೆದರು. ಮಸೂದೆ ಸೆಪ್ಟೆಂಬರಿನಲ್ಲಿ ವಿಧಾನಸಭೆ ದಾಟಿತು, ಡಿಸೆಂಬರಿನಲ್ಲಿ ಮೇಲ್ಮನೆ ದಾಟಿತು. ಜಂಟಿ ಸಮಿತಿಯ ಕೋಣೆಗೆ ಹೋಗಲಿಲ್ಲ. ಆ ಬದಲಾವಣೆ ಒಳ್ಳೆಯದೆನ್ನುವವರೂ ಇದ್ದಾರೆ, ಕೆಟ್ಟದ್ದೆನ್ನುವವರೂ ಇದ್ದಾರೆ; ಇಬ್ಬರೂ ಮೇಜಿನ ಎದುರು ಕುಳಿತು ಸಾಕ್ಷ್ಯ ಹೇಳುವ ಅವಕಾಶ ಮಾತ್ರ ಬರಲಿಲ್ಲ. ಆ ಕೋಣೆ ಮುಚ್ಚಿಹೋಗಿದೆ ಎಂದೇನೂ ಅಲ್ಲ. 2024ರ ಜುಲೈಯಲ್ಲಿ ಮಂಡಿಸಿದ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ ಜಂಟಿ ಸಮಿತಿಗೆ ಹೋಗಿ, 2025ರ ಮಾರ್ಚಿನಲ್ಲಿ ಅಂಗೀಕಾರವಾಯಿತು. ರಾಜಧಾನಿಯ ವಾರ್ಡುಗಳಿಗೆ ಎಂಟು ತಿಂಗಳು ಸಿಕ್ಕಿತು. ಅಜ್ಜನ ಕಾಲದಲ್ಲಿ ಅತಿಯಾಗಿ ಕಾಯಿಸಿದರು, ನಮ್ಮ ಕಾಲದಲ್ಲಿ ಹೊಲದ ಮಾತಿಗೆ ಕಾಯಲೇ ಇಲ್ಲ. ಇವೆರಡರಲ್ಲಿ ಯಾವುದು ಹೆಚ್ಚು ಹಾನಿ ಎಂದು ಮಿತ್ರರು ಮತ್ತೆ ಕೇಳಿದರು. ಸಮಿತಿಗೆ ಮಸೂದೆಯನ್ನು ಒಪ್ಪಿಸುವ ದಿನವೇ, ಅದು ಹೊರಬರುವವರೆಗೆ ನಡೆಯುವ ರಾಜೀನಾಮೆ, ಕರಾರುಗಳೆಲ್ಲ ಊರ್ಜಿತವಲ್ಲ ಎಂದು ಒಂದು ಸಾಲು ಬರೆದಿಟ್ಟಿದ್ದರೆ ಮೂರು ವರ್ಷವಲ್ಲ, ಐದು ವರ್ಷ ಬೇಕಾದರೂ ಕುಳಿತಿರಲಿ ಎಂದು ಅಜ್ಜ ಹೇಳುತ್ತಿದ್ದನೇನೋ ಎಂದೆ.

ಹೋದ ವರ್ಷ ಬನ್ನಿಯ ಸಮಯಕ್ಕೆ ಊರಿಗೆ ಹೋದಾಗ ಆ ಹೊಲದ ಬದುವಿನ ಮೇಲೆ ನಡೆದು ಬಂದೆ. ಮಾಸ್ತರರ ಮೊಮ್ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಹೊಲದಲ್ಲಿ ಗೋವಿನಜೋಳ ನಿಂತಿತ್ತು. ಬೆಳೆದವನು ಪಕ್ಕದ ಓಣಿಯ ಹುಡುಗ. ಲಾವಣಿಗೆ ಮಾಡಿದ್ದೀಯಾ ಎಂದು ಕೇಳಿದೆ. 1974ರಿಂದ ಹೊಲ ಗೇಣಿಗೆ ಕೊಡುವುದೇ ಕಾನೂನಿನಲ್ಲಿ ನಿಷಿದ್ಧ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಅವನು ನಕ್ಕು, “ಬಾಯಿಮಾತಿನ ಮ್ಯಾಲ ಐತ್ರೀ ಸರ, ಪಾವತಿ ಗೀವತಿ ಏನೂ ಇಲ್ಲ” ಎಂದ.